ಓದಿಸಿ, ಕೇಳಿ

ಜೂನ್ 7, 2006, ಬುಧವಾರ

ಬಣ್ಣದ ಕಂಪನಿಯವರು ನನ್ನ ಗಂಡ ಚನ್ನವೀರೇಶ್ ಕೆಲಸ ಮಾಡುವ ಹಾರ್ಡ್‌ವೇರ್ ಅಂಗಡಿಗೆ ಕೊಟ್ಟಿದ್ದ ಡೈರಿ ಐದು ತಿಂಗಳಿಂದ ನಮ್ಮ ಫ್ರಿಜ್ ಮೇಲೆ ಬಿದ್ದಿತ್ತು. ಅವರಿಗೆ ಬರೆಯುವ ಚಟವಿಲ್ಲ. ನನಗೋ ದಿನವಿಡೀ ಬೇರೆಯವರದ್ದನ್ನು ಬರೆಯುವುದೇ ಕೆಲಸ. ಇವತ್ತು ತಂದು ಮೊದಲ ಪುಟ ತುಂಬಿದೆ. ಹೆಸರು: ನೀಲಾಂಬಿಕಾ. ಉದ್ಯೋಗ: ಟೈಪಿಸ್ಟ್, ವೆಂಕಟರಮಣಪ್ಪನವರ ಪತ್ರ ಬರಹದ ಅಂಗಡಿ, ವಿಜಯನಗರ. ರಕ್ತದ ಗುಂಪು ಗೊತ್ತಿಲ್ಲ, ಬಿಟ್ಟೆ.

ಸಬ್ ರಿಜಿಸ್ಟ್ರಾರ್ ಕಚೇರಿಯವರು ಊಟಕ್ಕೆ ಎದ್ದರೆ ಎರಡೂವರೆಯವರೆಗೆ ಈ ಬೀದಿಯಲ್ಲಿ ನೊಣ ಹೊಡೆಯುವುದೊಂದೇ ಕೆಲಸ. ಆ ಹೊತ್ತಿನಲ್ಲಿ ಬರೆಯೋಣ ಎನಿಸಿತು. ಮಗಳು ಸೌಂದರ್ಯಾ ಈ ವರ್ಷ ಹತ್ತನೇ ಕ್ಲಾಸು. ತಲೆಯಲ್ಲಿರುವುದನ್ನು ಎಲ್ಲಾದರೂ ಇಳಿಸದಿದ್ದರೆ ಮಾರ್ಚ್ ಬರುವಷ್ಟರಲ್ಲಿ ನನಗೆ ಹುಚ್ಚು ಹಿಡಿಯುತ್ತದೆ.

ಬರೆಯುವಂಥದ್ದು ಇವತ್ತೇ ಆಯಿತು. ಅವಳ ಶಾಲೆಯ ಹೊಸ ಹೆಡ್‌ಮಾಸ್ಟರ್ ಚಕ್ರಪಾಣಿ ಸರ್ ನಮ್ಮ ಅಂಗಡಿಗೆ ಬಂದರು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮಾತಿನಲ್ಲಿ ಮರ್ಯಾದೆ.

"ಅಮ್ಮಾ, ಈ ವರ್ಷ ಮೆರಿಟ್ ಬ್ಯಾಚ್ ಮಾಡ್ತಾ ಇದೀನಿ. ಒಂಬತ್ತನೇ ಕ್ಲಾಸ್ ಮಾರ್ಕ್ಸ್ ನೋಡಿ ನಲವತ್ತು ಮಕ್ಕಳು. ಉಳಿದೋರು ಬಿ, ಸಿ ಸೆಕ್ಷನ್. ಎಲ್ಲಾ ಪೇರೆಂಟ್ಸ್ ಹತ್ರನೂ ಒಂದು ಮುಚ್ಚಳಿಕೆ ಬರೆಸ್ಕೋಬೇಕು. ನಿಮ್ಮ ಕೈ ತುಂಬಾ ನೀಟು ಅಂತ ಕೇಳಿದೀನಿ."

ಅವರು ತಂದಿದ್ದು ನಾಲ್ಕು ಸಾಲು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಮಗುವಿಗೆ ನೂರಕ್ಕೆ ಐವತ್ತು ಬರದಿದ್ದರೆ ಮುಖ್ಯೋಪಾಧ್ಯಾಯರ ತೀರ್ಮಾನಕ್ಕೆ ಬದ್ಧ, ಅಷ್ಟೇ. ಬಾಡಿಗೆ ಕರಾರಿಗೂ ಇದಕ್ಕಿಂತ ಮೈಕೈ ಇರುತ್ತದೆ. ನಾನು ತಿದ್ದಿದೆ. ಕೊನೆಯಲ್ಲಿ ನಮ್ಮ ಪತ್ರಗಳಲ್ಲಿ ಹಾಕುವ ಸಾಲನ್ನೂ ಸೇರಿಸಿದೆ: "ಈ ಮುಚ್ಚಳಿಕೆಯನ್ನು ಓದಿಸಿ, ಕೇಳಿ, ಅರ್ಥ ಮಾಡಿಕೊಂಡು, ಸ್ವ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಬರೆದುಕೊಟ್ಟಿರುತ್ತೇನೆ."

ಸರ್ ಅದನ್ನು ಎರಡು ಸಲ ಓದಿದರು. "ಇದು ನೋಡಿ ಮುಖ್ಯ. ನನಗೆ ಹೊಳೆದೇ ಇರ್ಲಿಲ್ಲ" ಎಂದರು. ಇಪ್ಪತ್ತು ವರ್ಷದಿಂದ ಟೈಪ್ ಮಾಡುತ್ತಿದ್ದೇನೆ, ಒಂದು ಸಾಲನ್ನು ಯಾರೂ ಹೀಗೆ ಮೆಚ್ಚಿರಲಿಲ್ಲ. ದುಡ್ಡು ಬೇಡ, ಇದು ಶಾಲೆಯ ಕೆಲಸ, ನನ್ನ ಸೇವೆ ಎಂದುಬಿಟ್ಟೆ. ಹೊರಡುವಾಗ ಅವರು ತಿರುಗಿ ಕೇಳಿದರು: "ಮಗಳ ಹೆಸರು ಸೌಂದರ್ಯಾ ಅಲ್ವಾ?" ಹೌದು ಎಂದೆ. ಅವಳು ಕ್ಲಾಸಿಗೆ ನಲವತ್ತಮೂರನೆಯವಳು ಎಂದು ನಾನಾಗಿ ಹೇಳಲಿಲ್ಲ.

ಜೂನ್ 14, ಬುಧವಾರ

ಸೌಂದರ್ಯಾಗೆ ಮೆರಿಟ್ ಬ್ಯಾಚ್ ಸಿಕ್ಕಿತು.

ಪಟ್ಟಿಯಲ್ಲಿ ನಲವತ್ತನೆಯ ಹೆಸರು. ಮೇಲಿನ ಮೂವರು ಬೇರೆ ಶಾಲೆಗೆ ಹೋಗಿರಬೇಕು. ಈ ಕಾಲದಲ್ಲಿ ಎಲ್ಲರಿಗೂ ಇಂಗ್ಲಿಷ್ ಶಾಲೆಯ ಹುಚ್ಚು. ಮೈಸೂರ್ ಪಾಕ್ ತಂದು ವೆಂಕಟರಮಣಪ್ಪನವರಿಗೂ ಕೊಟ್ಟೆ. ಅವರು ಅರ್ಧ ಮುರಿದು ಬಾಯಿಗೆ ಹಾಕಿಕೊಂಡು, "ಸಕ್ಕರೆ ಕಾಯಿಲೆ ಇರೋನಿಗೆ ಕೊಡ್ತೀಯಲ್ಲಮ್ಮ" ಎಂದು ಉಳಿದರ್ಧವನ್ನೂ ತಿಂದರು.

ನಮ್ಮ ಹಿಂದಿನ ಮನೆಯ ಹೊನ್ನವ್ವನ ಮಗಳು ಶಿಲ್ಪಾಗೆ ಸಿ ಸೆಕ್ಷನ್. ಹೊನ್ನವ್ವ ಕುಷ್ಟಗಿ ಕಡೆಯವಳು, ಖಾನಾವಳಿಗೆ ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿದು ಕೊಡುತ್ತಾಳೆ. ನನ್ನ ಮಗಳಿಗೂ ಆ ಹುಡುಗಿಗೂ ಬಹಳ ಸ್ನೇಹ. ಸೌಂದರ್ಯಾ ಸಿಹಿ ಮುಟ್ಟಲಿಲ್ಲ. ಗೆಳತಿ ಬೇರೆಯಾದಳು ಅಂತ ಇರಬೇಕು.

ಜುಲೈ 8, ಶನಿವಾರ

ಪೋಷಕರ ಸಭೆ. ಮೆರಿಟ್ ಬ್ಯಾಚಿನವರಿಗೆ ಮುಂದೆ ಕುರ್ಚಿ, ಉಳಿದವರಿಗೆ ಹಿಂದೆ ಮಕ್ಕಳ ಬೆಂಚು. ಹೆಸರು ನೋಡಿ ಕೂರಿಸುತ್ತಿದ್ದರು. ನಾನು ಮೂರನೇ ಸಾಲಿನಲ್ಲಿದ್ದೆ.

ಚಕ್ರಪಾಣಿ ಸರ್ ಚೆನ್ನಾಗಿ ಮಾತಾಡಿದರು. ಈ ವರ್ಷ ನೂರಕ್ಕೆ ನೂರು ರಿಸಲ್ಟು ಬರಬೇಕಂತೆ. ಹಿಂದಿನ ಹೆಡ್‌ಮಾಸ್ಟರ್ ಹನುಮಯ್ಯನವರು ಎಲ್ಲರನ್ನೂ ಮಗಾ ಮಗಾ ಎಂದು ಬೆನ್ನು ತಟ್ಟಿ ಅರವತ್ತೊಂದಕ್ಕೆ ತಂದು ನಿಲ್ಲಿಸಿದ್ದರು. ಒಬ್ಬ ಗಟ್ಟಿ ಮನುಷ್ಯ ಬೇಕಿತ್ತು ಈ ಶಾಲೆಗೆ.

ಆಮೇಲೆ ಮುಚ್ಚಳಿಕೆ ಹಂಚಿದರು. ನನ್ನ ಅಕ್ಷರ ನೂರಿಪ್ಪತ್ತು ಕೈಯಲ್ಲಿ. ಸಹಿ ಹಾಕಿ ಹೊರಡುವಾಗ ಹೊನ್ನವ್ವ ನನ್ನ ಸೆರಗು ಹಿಡಿದಳು. ಅವಳಿಗೆ ಓದಲು ಬರುವುದಿಲ್ಲ.

"ಅಕ್ಕಾರ, ಇದರಾಗ ಏನ್ ಬರದಾರ್ರಿ?"

"ಏನಿಲ್ಲ ಹೊನ್ನವ್ವ, ಮಕ್ಕಳು ಚೆನ್ನಾಗಿ ಓದ್ಲಿ ಅಂತ. ಎಲ್ರೂ ಹಾಕ್ತಾ ಇದಾರೆ, ನೀನೂ ಹಾಕು."

"ನೀವ್ ಹೇಳಿದ್ರ ಆತ್ ಬಿಡ್ರಿ" ಎಂದು ಹೆಬ್ಬೆಟ್ಟು ಒತ್ತಿದಳು. ಬಸ್ಸಿಗೆ ಹೊತ್ತಾಗಿತ್ತು.

ಆಗಸ್ಟ್ 22, ಮಂಗಳವಾರ

ಶಿಲ್ಪಾ ದಿನಾ ಸಂಜೆ ನಮ್ಮ ಮನೆಗೆ ಬರುತ್ತಾಳೆ, ಸೌಂದರ್ಯಾಳ ಹತ್ತಿರ ಲೆಕ್ಕ ಹೇಳಿಸಿಕೊಳ್ಳಲು. ಸಿ ಸೆಕ್ಷನ್‌ಗೆ ಗಣಿತದ ಟೀಚರೇ ಇಲ್ಲವಂತೆ. ಡ್ರಿಲ್ ಮಾಸ್ತರು ಬಂದು ಕೂತು, ಗಲಾಟೆ ಮಾಡಬೇಡಿ ಎಂದು ಪೇಪರ್ ಓದುತ್ತಾರಂತೆ. ಪಾಪ ಅನ್ನಿಸಿತು. ಆದರೆ ನನ್ನ ಮಗಳ ಒಂದು ಗಂಟೆ ಹೋದರೆ ಯಾರು ತಂದುಕೊಡುತ್ತಾರೆ? ಭಾನುವಾರ ಮಾತ್ರ ಬಾ ಎಂದೆ. ಆ ಹುಡುಗಿ "ಹೂಂ ಆಂಟಿ" ಎಂದು ಪುಸ್ತಕ ಎತ್ತಿಕೊಂಡು ಹೋದಳು. ಸೌಂದರ್ಯಾ ಊಟಕ್ಕೆ ಬರಲಿಲ್ಲ.

ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ಗಣಿತದ ಗಿರಿಜಾದೇವಿ ಮೇಡಂ ಸಿಕ್ಕಿದ್ದರು. "ಸಿ ಸೆಕ್ಷನ್‌ಗೂ ನಾನೇ ತಗೋತೀನಿ ಅಂತ ಮೂರು ಸಲ ಬರ್ಕೊಟ್ಟೆ. ಮೆರಿಟ್ ಬ್ಯಾಚ್ ಬಿಟ್ಟು ಆ ಕಡೆ ಹೋಗ್ಬೇಡಿ ಅಂತಾರೆ ಸಾರ್. ನಿಮ್ಮಂಥ ಪೇರೆಂಟ್ಸ್ ಒಂದ್ ಮಾತು ಕೇಳಿದ್ರೆ..." ಎಂದರು. ಅಷ್ಟರಲ್ಲಿ ನನ್ನ ಬಸ್ಸು ಬಂತು. ಬರದಿದ್ದರೂ ನಾನೇನು ಹೇಳುತ್ತಿದ್ದೆನೋ.

ಅಕ್ಟೋಬರ್ 30, ಸೋಮವಾರ

ಅರ್ಧವಾರ್ಷಿಕ ಫಲಿತಾಂಶ. ಸೌಂದರ್ಯಾಗೆ ಅರವತ್ತೆಂಟು. ಚಕ್ರಪಾಣಿ ಸರ್ ಕೈಯಲ್ಲಿ ಮೇಲೆ ಬರುತ್ತಿದ್ದಾಳೆ. ಮಗಳು ಮಾತ್ರ ಮೂಗಿಯ ಹಾಗೆ ಇರುತ್ತಾಳೆ. ವಯಸ್ಸು.

ನವೆಂಬರ್ 7, ಮಂಗಳವಾರ

ಹೊನ್ನವ್ವ ಅಂಗಡಿಗೆ ಬಂದಿದ್ದಳು. ಕೈಗೆ ಇನ್ನೂ ಹಿಟ್ಟು ಅಂಟಿತ್ತು. ಸೊಂಟದಿಂದ ಲಕೋಟೆ ತೆಗೆದು ನನ್ನ ಮುಂದಿಟ್ಟಳು. "ಸಾಲ್ಯಾಗ ಕೊಟ್ಟಾರ್ರಿ. ಹುಡುಗಿ ಅಳಾಕತ್ತೈತಿ, ಏನಂತ ಹೇಳವಲ್ದು. ನೀವ್ ಓದ್ರಿ."

ಶಿಲ್ಪಾಗೆ ನಲವತ್ತನಾಲ್ಕು ಬಂದಿದೆ. ತಾವು ಬರೆದುಕೊಟ್ಟ ಮುಚ್ಚಳಿಕೆಯ ಪ್ರಕಾರ ಆಕೆಯ ಹೆಸರನ್ನು ಹಾಜರಿಯಿಂದ ತೆಗೆದು ಟಿ.ಸಿ. ಕೊಡಲಾಗುವುದು, ಮಾರ್ಚ್ ಪರೀಕ್ಷೆಯನ್ನು ಆಕೆ ಖಾಸಗಿಯಾಗಿ ಕಟ್ಟಿಕೊಳ್ಳಬಹುದು ಎಂದಿದೆ. ಶಾಲೆಯ ಲೆಕ್ಕದಲ್ಲಿ ಫೇಲಾಗುವವರೇ ಇರಬಾರದು, ಅದಕ್ಕೆ ಈ ದಾರಿ. ಇಂಥ ಪತ್ರ ಮೂವತ್ತನಾಲ್ಕು ಮನೆಗೆ ಹೋಗಿದೆಯಂತೆ. ಹಿಂದೆ ಪಿನ್ ಹಾಕಿದ್ದು ಮುಚ್ಚಳಿಕೆಯ ಜೆರಾಕ್ಸ್. ಕೊನೆಯಲ್ಲಿ ನನ್ನ ಸಾಲು, ಅದರ ಕೆಳಗೆ ಅವಳ ಹೆಬ್ಬೆಟ್ಟು.

"ಅದನ್ನೂ ಓದ್ರಿ" ಎಂದಳು. ಮೊದಲಿನಿಂದ ಕೊನೆಯವರೆಗೆ ಓದಿದೆ. ಓದಿಸಿ, ಕೇಳಿ, ಅರ್ಥ ಮಾಡಿಕೊಂಡು ಎನ್ನುವಲ್ಲಿ ಓದು ನಿಲ್ಲಿಸಿದೆ. ಕೆಮ್ಮಿದೆ. ಅವಳು ತಲೆ ತಗ್ಗಿಸಿ ಪೂರ್ತಿ ಕೇಳಿ, "ಆವತ್ತ ಹಿಂಗ ಓದಿದ್ರ ನಾ ಒತ್ತತಿದ್ದಿಲ್ರಿ" ಎಂದಳು. ನಾನೇ ಅದನ್ನು ಬರೆದವಳೆಂದು ಅವಳಿಗೆ ಗೊತ್ತಿಲ್ಲ.

ಎದ್ದು ನಿಂತ ಮೇಲೆ ಇನ್ನೊಂದು ಮಾತು ಹೇಳಿದಳು: "ಸಾಲಿ ಬಿಟ್ಟ ಹುಡುಗೀನ್ನ ಅವರಪ್ಪ ಮನ್ಯಾಗ ಇಟ್ಕೊಳ್ಳಂಗಿಲ್ರಿ. ಊರಾಗ ಗಂಡು ನೋಡಿಟ್ಟಾನ. ಮಾರ್ಚ್ ಮಟ ತಡಿ ಅಂತ ನಾನ ಕೈಕಾಲ್ ಹಿಡದ ನಿಲ್ಲಿಸೇನಿ."

ನವೆಂಬರ್ 8, ಬುಧವಾರ

ಒಂದೇ ಕ್ರಯಪತ್ರದಲ್ಲಿ ಹನ್ನೊಂದು ತಪ್ಪು. ವೆಂಕಟರಮಣಪ್ಪನವರು ಬೈದರು. ಬೈಯಲಿ.

ನವೆಂಬರ್ 9, ಗುರುವಾರ

ಅರ್ಧ ದಿನ ರಜೆ ಹಾಕಿ ಶಾಲೆಗೆ ಹೋದೆ.

ಚಕ್ರಪಾಣಿ ಸರ್ ಕಾಫಿ ತರಿಸಿದರು. ಮುಚ್ಚಳಿಕೆಯನ್ನು ಹೀಗೆ ಬಳಸುತ್ತೀರೆಂದು ಗೊತ್ತಿದ್ದರೆ ನಾನು ಮಾಡಿಕೊಡುತ್ತಿರಲಿಲ್ಲ ಎಂದೆ. ಅವರಿಗೆ ಸಿಟ್ಟು ಬರಲಿಲ್ಲ. ಮೇಜಿನಿಂದ ಒಂದು ಪಟ್ಟಿ ತೆಗೆದು ತೋರಿಸಿದರು. ಆರು ವರ್ಷದ ಹಿಂದೆ ಎಂಟನೇ ತರಗತಿಗೆ ಇನ್ನೂರು ಮಕ್ಕಳು ಸೇರಿದ್ದರು, ಈ ವರ್ಷ ತೊಂಬತ್ತು.

"ಇನ್ನೊಂದ್ ವರ್ಷ ಅರವತ್ತು ಪರ್ಸೆಂಟ್ ರಿಸಲ್ಟ್ ಬಂದ್ರೆ ಒಂದು ಸೆಕ್ಷನ್ ಮುಚ್ತಾರಮ್ಮ. ಆಮೇಲೆ ಶಾಲೆನೇ ಇರಲ್ಲ. ಹೊನ್ನವ್ವನ ಮೊಮ್ಮಕ್ಕಳು ಎಲ್ಲಿಗೆ ಹೋಗ್ತಾರೆ? ಮೂವತ್ತನಾಲ್ಕು ಮಕ್ಕಳಿಗೆ ಸ್ವಲ್ಪ ಕಷ್ಟ ಆಗುತ್ತೆ, ಒಪ್ಕೋತೀನಿ. ಶಾಲೆ ಉಳಿಯುತ್ತೆ."

ಅದು ಸುಳ್ಳಲ್ಲ. ಆದರೂ ಗಣಿತವೇ ಹೇಳಿಕೊಡದೆ ಅವರಿಗೆ ಐವತ್ತು ಎಲ್ಲಿಂದ ಬರಬೇಕು ಸಾರ್ ಎಂದು ಕೊನೆಗೆ ಕೇಳಿದೆ. ಅವರು ಕಪ್ಪನ್ನು ಕೆಳಗಿಟ್ಟರು.

"ನಿಮ್ಮ ಮಗಳು ಚೆನ್ನಾಗಿ ಓದ್ತಾ ಇದಾಳೆ. ಅವಳು ಲಿಸ್ಟಿಗೆ ಹೇಗೆ ಬಂದ್ಲು ಅನ್ನೋದು ನಮ್ಮಿಬ್ರಿಗೇ ಗೊತ್ತು. ಅದು ಹಾಗೇ ಇರ್ಲಿ ಅಲ್ವಾ?"

ನನಗೆ ಗೊತ್ತಿರಲಿಲ್ಲ ಎಂದು ಇಲ್ಲಿ ಬರೆಯಲು ಹೊರಟಿದ್ದೆ. ಈ ಡೈರಿಯನ್ನು ನಾನೊಬ್ಬಳೇ ಓದುವುದು. ಸುಳ್ಳು ಬರೆದು ಯಾರಿಗೆ ತೋರಿಸಲಿ? ಗೊತ್ತಿತ್ತು. ಮೈಸೂರ್ ಪಾಕ್ ತರುವಾಗಲೂ ಗೊತ್ತಿತ್ತು.

ಬಿಡುವುದಿಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿಗೆ (ಬಿಇಓ) ಅರ್ಜಿ ಕೊಡುತ್ತೇನೆ.

ನವೆಂಬರ್ 12, ಭಾನುವಾರ

ಸಿ ಸೆಕ್ಷನ್ನಿನ ಇನ್ನೊಬ್ಬಳ ತಂದೆ ತಮ್ಮಣ್ಣ, ಆಟೋ ಓಡಿಸುತ್ತಾರೆ. ಅವರ ಆಟೋದಲ್ಲಿ ನಾನು, ಹೊನ್ನವ್ವ ಬೆಳಿಗ್ಗೆ ಏಳಕ್ಕೆ ಹೊರಟೆವು. ಬಾಪೂಜಿ ನಗರದಲ್ಲಿ ಒಂಬತ್ತು ಮನೆ, ಬಿನ್ನಿಪೇಟೆಯಲ್ಲಿ ಐದು. ಅರ್ಜಿ ಟೈಪ್ ಮಾಡಿ ತಂದಿದ್ದೆ. ಸಹಿ ಮಾಡಿಸಿ ಮಧ್ಯಾಹ್ನಕ್ಕೆ ಮುಗಿಸುವ ಅಂದಾಜಿತ್ತು.

ಮೊದಲ ಮನೆಯಲ್ಲೇ ಒಬ್ಬರು ಪೆನ್ನು ತೆಗೆದು ಎಲ್ಲಿ ಹಾಕಲಿ ಎಂದರು. ತಡೀರಿ, ಓದುತ್ತೇನೆ ಎಂದು ಓದತೊಡಗಿದೆ. ಅರ್ಧಕ್ಕೆ ಅವರು ನಿಲ್ಲಿಸಿ, ಇದು ಕೊಟ್ಟರೆ ಹೆಡ್‌ಮಾಸ್ಟರು ಮಗನನ್ನು ಹೊಡೆಯುತ್ತಾರಾ ಎಂದು ಕೇಳಿದರು. ಇನ್ನೊಂದು ಮನೆಯಲ್ಲಿ ಒಂದು ವಾಕ್ಯ ತೆಗೆಯಿರಿ ಎಂದರು, ತೆಗೆದೆ. ಒಬ್ಬರು ಕೇಳಿ ಮುಗಿಸಿ ಬಾಗಿಲು ಹಾಕಿಕೊಂಡರು. ಹದಿನಾಲ್ಕು ಮನೆಗೆ ಸಂಜೆ ಆರಾಯಿತು. ಗಂಟಲು ಬಿದ್ದುಹೋಗಿದೆ. ಹೊನ್ನವ್ವ ದಾರಿಗೆಂದು ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಿದ್ದರು. ಅವರಿಲ್ಲದಿದ್ದರೆ ಎರಡನೇ ಮನೆಯಿಂದಲೇ ವಾಪಸು ಬರುತ್ತಿದ್ದೆ.

ನವೆಂಬರ್ 19, ಭಾನುವಾರ

ಮೂವತ್ತನಾಲ್ಕರಲ್ಲಿ ಇಪ್ಪತ್ತೇಳು. ಸಾಕು.

ನವೆಂಬರ್ 21, ಮಂಗಳವಾರ

ಬಿಇಓ ಕಚೇರಿ. ನಾವು ಹನ್ನೆರಡು ಜನ ಹೋಗಿದ್ದೆವು. ಅಧಿಕಾರಿ ಹೆಂಗಸು, ನನಗಿಂತ ಚಿಕ್ಕವರು. ಅರ್ಜಿ ಓದಿ, ಪಕ್ಕದಲ್ಲಿದ್ದ ಫೈಲು ಬಿಚ್ಚಿದರು. ಚಕ್ರಪಾಣಿ ಸರ್ ನಮಗಿಂತ ಮೊದಲೇ ಮುಚ್ಚಳಿಕೆಗಳನ್ನೆಲ್ಲ ಕಳಿಸಿದ್ದಾರೆ.

"ಸ್ವ ಇಚ್ಛೆಯಿಂದ, ಯಾರ ಒತ್ತಾಯವೂ ಇಲ್ಲದೆ ಅಂತ ನೀವೇ ಬರ್ಕೊಟ್ಟಿದೀರಿ. ಓದಿಸಿ, ಕೇಳಿ, ಅರ್ಥ ಮಾಡ್ಕೊಂಡು ಅಂತನೂ ಇದೆ. ಈಗ ಗೊತ್ತಿರ್ಲಿಲ್ಲ ಅಂದ್ರೆ ನಾನೇನ್ ಮಾಡ್ಲಿ?"

"ನಮ್ಗ್ಯಾರೂ ಓದ್ಲಿಲ್ಲ ಮೇಡಂ" ಎಂದರು ತಮ್ಮಣ್ಣ.

"ಓದ್ಲಿಲ್ಲ ಅನ್ನೋಕೆ ಏನಿದೆ ಸಾಕ್ಷಿ? ಇಲ್ಲಿ ನಿಮ್ಮ ಸಹಿ ಇದೆ."

ಎಲ್ಲರೂ ನನ್ನ ಮುಖ ನೋಡಿದರು. ಕಾಗದದ ವಿಷಯ ಬಂದರೆ ನಾನು ಮಾತಾಡುತ್ತೇನೆಂಬ ನಂಬಿಕೆ ಅವರಿಗೆ. ಎದ್ದು ನಿಂತೆ.

"ಆ ಸಾಲು ನಾನು ಸೇರಿಸಿದ್ದು ಮೇಡಂ. ಸಾರ್ ಹೇಳಿದ್ದಲ್ಲ, ನಾನೇ ಅಭ್ಯಾಸದ ಮೇಲೆ ಹಾಕಿದೆ. ಎಲ್ಲಾ ಪತ್ರಕ್ಕೂ ಹಾಕ್ತೀವಿ. ಆವತ್ತು ಸಭೇಲಿ ಯಾರೂ ಯಾರಿಗೂ ಓದ್ಲಿಲ್ಲ. ಇವರು ಏನ್ ಬರೆದಿದೆ ಅಂತ ಕೇಳಿದಾಗ, ಏನಿಲ್ಲ ಹಾಕು ಅಂದವಳೂ ನಾನೇ."

ಅಧಿಕಾರಿ ಪೆನ್ನು ಕೆಳಗಿಟ್ಟು, "ಇದನ್ನ ಬರವಣಿಗೇಲಿ ಕೊಡ್ತೀರಾ?" ಎಂದರು. ನಾಡಿದ್ದು ತರುತ್ತೇನೆ ಎಂದೆ. ಅಲ್ಲೇ ಬರೆದುಕೊಡಬಹುದಿತ್ತು.

ವಾಪಸು ಬರುವಾಗ ನಾನು, ಹೊನ್ನವ್ವ ಆಟೋದಲ್ಲಿ ಕೂತೆವು. ತಮ್ಮಣ್ಣ ಸಿಗ್ನಲ್ಲಿನಲ್ಲಿ ನಿಂತಾಗ, "ಮೊದ್ಲೇ ಒಂದ್ ಮಾತು ಹೇಳ್ಬೋದಿತ್ತಕ್ಕ" ಎಂದರು. ಹೊನ್ನವ್ವ ಮನೆ ಬಾಗಿಲಲ್ಲಿ ಇಳಿದು, ನನ್ನ ಮುಖ ನೋಡದೆ ಹೇಳಿದರು: "ನಾಡದ ಬರದ ಕೊಡ್ರಿ. ಆಮ್ಯಾಲ ಮಾತಾಡೂಣು."

ನವೆಂಬರ್ 22, ಬುಧವಾರ

ಬೆಳಿಗ್ಗೆ ತಿಂಡಿಯ ಹೊತ್ತಿಗೆ ಗಂಡನಿಗೆ ಎಲ್ಲ ಹೇಳಿದೆ. ಚನ್ನವೀರೇಶ್ ಜಾಸ್ತಿ ಮಾತಿನವರಲ್ಲ. ಇಡ್ಲಿ ಮುಗಿಸಿ ಕೈ ತೊಳೆದು ಬಂದು, "ಮಾರ್ಚ್‌ವರೆಗೂ ಸುಮ್ನಿದ್ದು ಆಮೇಲೆ ಬರ್ಕೊಡು ನೀಲಾ. ನಮ್ಮ ಮಗು ಪರೀಕ್ಷೆ ಮುಗೀಲಿ" ಎಂದರು.

"ಅಷ್ಟೊತ್ತಿಗೆ ಶಿಲ್ಪಾ ಮದುವೆ ಆಗಿರುತ್ತೆ."

ಸೌಂದರ್ಯಾ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. ಅವಳಿಗೂ ಹೇಳಲೇಬೇಕಾಯಿತು. ನೀನು ನಲವತ್ತಮೂರನೆಯವಳು ಕಣೇ, ನಾನು ಆ ಕಾಗದ ಮಾಡಿಕೊಟ್ಟೆ ಅಂತ ನಿನ್ನನ್ನು ಸೇರಿಸಿಕೊಂಡರು ಎಂದೆ. ಇಷ್ಟು ಹೇಳುವುದಕ್ಕೆ ನಾನು ಎಷ್ಟು ಹೊತ್ತು ತೆಗೆದುಕೊಂಡೆನೋ.

"ಗೊತ್ತಮ್ಮ" ಎಂದಳು. "ಜೂನಿಂದ ಗೊತ್ತು. ನನ್ನ ಸೀಟನ್ನ ಕ್ಲಾಸಲ್ಲಿ ಟೈಪಿಂಗ್ ಸೀಟ್ ಅಂತಾರೆ."

ಐದು ತಿಂಗಳು ಆ ಹೆಸರು ಹೊತ್ತುಕೊಂಡು ಹೋಗಿ ಬಂದಿದ್ದಾಳೆ. ನಾನು ಅದನ್ನು ವಯಸ್ಸು ಎಂದುಕೊಂಡಿದ್ದೆ. ನನಗೆ ಅಳು ಬಂತು, ಅವಳೆದುರೇ ಅತ್ತೆ. ಅವಳು ನೀರು ತಂದುಕೊಟ್ಟು, "ನಾಳೆನೇ ಕೊಡಮ್ಮ, ಮುಗಿಸಿಬಿಡು" ಎಂದು ಚೀಲ ಹಾಕಿಕೊಂಡು ಶಾಲೆಗೆ ಹೋದಳು.

ನವೆಂಬರ್ 23, ಗುರುವಾರ

ವೆಂಕಟರಮಣಪ್ಪನವರಿಗೆ ಹೇಳದೆ ಅವರ ಅಂಗಡಿಯಲ್ಲಿ ಈ ಹೇಳಿಕೆ ಟೈಪ್ ಮಾಡುವುದು ಸರಿಯಲ್ಲ ಎನಿಸಿ ಅವರಿಗೆ ಮೊದಲೇ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

"ನಮ್ದು ಬರೀ ಬೆರಳಮ್ಮ, ಬಾಯಿ ಪತ್ರ ಬರೆಸೋ ಪಾರ್ಟಿದು. ಎಷ್ಟ್ ಸಲ ಹೇಳಿದೀನಿ? ಟೈಪಿಸ್ಟೇ ಪಾರ್ಟಿ ಮೇಲೆ ಸಾಕ್ಷಿ ಹೇಳಿದ್ರೆ ನಾಳೆ ಯಾರು ಬರ್ತಾರೆ ನಮ್ಮಂಗಡಿಗೆ?"

"ಬೇಡ ಅಂದ್ರೆ ಬೇರೆ ಕಡೆ ಟೈಪ್ ಮಾಡ್ತೀನಿ ಸಾರ್. ನಾಳೆಯಿಂದ ಬರ್ಬೇಡ ಅಂದ್ರೂ ಸರಿ."

ಅವರು ಒಳ್ಳೆಯ ಬಾಂಡ್ ಪೇಪರ್ ಎರಡು ಹಾಳೆ ತೆಗೆದು ನನ್ನ ಮೇಜಿನ ಮೇಲಿಟ್ಟು, "ಅಂಗಡಿ ಸೀಲು ಮಾತ್ರ ಹಾಕ್ಬೇಡ" ಎಂದು ಟೀಗೆ ಹೋದರು. ದಿನಾ ಹತ್ತು ನಿಮಿಷದಲ್ಲಿ ಬರುವವರು ಇವತ್ತು ಒಂದು ಗಂಟೆ ಬರಲಿಲ್ಲ.

ಇಪ್ಪತ್ತು ವರ್ಷದಲ್ಲಿ ನನ್ನ ಹೆಸರಿನಲ್ಲಿ ನಾನು ಟೈಪ್ ಮಾಡಿದ ಮೊದಲ ಕಾಗದ. ಒಂದೂವರೆ ಪುಟ. ಮಗಳ ನಲವತ್ತಮೂರನ್ನೂ ಬರೆದೆ. ಬಿಟ್ಟಿದ್ದರೆ ಅಧಿಕಾರಿಗೆ ತಿಳಿಯುತ್ತಿರಲಿಲ್ಲ.

ಸಾಕ್ಷಿ ಹಾಕಲು ಹೊನ್ನವ್ವ ಬಂದರು, ಜೊತೆಗೆ ಶಿಲ್ಪಾ. ಹುಡುಗಿ ಕೈಗೆ ಹಾಳೆ ಕೊಟ್ಟು, "ನಿಮ್ಮಮ್ಮನಿಗೆ ಓದು" ಎಂದೆ. ಅವಳು ನಿಧಾನವಾಗಿ, ಎಲ್ಲಿಯೂ ತಡವರಿಸದೆ ಓದಿದಳು. ಹೊನ್ನವ್ವ ಪೂರ್ತಿ ಕೇಳಿದರು. ಕೆಲವು ಕಡೆ ಮತ್ತೊಮ್ಮೆ ಓದು ಎಂದರು. ಆಮೇಲೆ ಹೆಬ್ಬೆಟ್ಟು ಒತ್ತಿ, ಬೆರಳನ್ನು ಸೆರಗಿಗೆ ಒರೆಸಿಕೊಂಡು, "ಈಗ ಮಾತಾಡ್ರಿ ಅಕ್ಕಾರ" ಎಂದರು. ನಾನು ತಪ್ಪಾಯಿತು ಎಂದೆ.

ಸಂಜೆ ನಾಲ್ಕಕ್ಕೆ ಬಿಇಓ ಕಚೇರಿಯಲ್ಲಿ ಕೊಟ್ಟು, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಂದೆ.

ಡಿಸೆಂಬರ್ 11, ಸೋಮವಾರ

ಆದೇಶ ಬಂತು. ಮೂವತ್ತನಾಲ್ಕೂ ಮಕ್ಕಳ ಹೆಸರು ಹಾಜರಿಯಲ್ಲೇ ಇರಬೇಕು, ಶಾಲೆಯಿಂದಲೇ ಪರೀಕ್ಷೆ ಕಟ್ಟಬೇಕು. ಅವರ ಅಪ್ಪ ಅಮ್ಮಂದಿರಿಂದ ಪಡೆದ ಮುಚ್ಚಳಿಕೆಗೆ ಬೆಲೆ ಇಲ್ಲ. ಗಣಿತ, ವಿಜ್ಞಾನದ ಟೀಚರುಗಳನ್ನು ಮೂರೂ ಸೆಕ್ಷನ್ನಿಗೆ ಹಂಚಬೇಕು. ಮೆರಿಟ್ ಬ್ಯಾಚ್ ಮುಚ್ಚಿ ಎಂದಿಲ್ಲ. ಪಟ್ಟಿ ಮಾತ್ರ ಒಂಬತ್ತನೇ ಕ್ಲಾಸಿನ ಮಾರ್ಕ್ಸಿನ ಪ್ರಕಾರವೇ ಇರಬೇಕಂತೆ.

ಚಕ್ರಪಾಣಿ ಸರ್ ಈ ಕೊನೆಯ ಮಾತನ್ನು ಮೊದಲು ಜಾರಿ ಮಾಡಿದರು. ಸೌಂದರ್ಯಾ ಇವತ್ತಿನಿಂದ ಸಿ ಸೆಕ್ಷನ್.

ನಾನೇ ಕೈಯಾರೆ ಬರೆದುಕೊಟ್ಟಿದ್ದು, ಆದರೂ ಆದೇಶದ ಪ್ರತಿಯನ್ನು ಮತ್ತೆ ತೆಗೆದು ಓದಿದೆ. ಮೂರು ತಿಂಗಳಿಗೆ ಪರೀಕ್ಷೆ ಇರುವಾಗ ಹೊಸ ಕ್ಲಾಸು. ಸಂಜೆ ಶಿಲ್ಪಾ ಪುಸ್ತಕ ಹಿಡಿದುಕೊಂಡು ಬಾಗಿಲಲ್ಲಿ ನಿಂತು, ಇವತ್ತು ಭಾನುವಾರ ಅಲ್ಲ ಆಂಟಿ, ಬರಲಾ ಎಂದು ಕೇಳಿದಳು. ನನಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಇಬ್ಬರಿಗೂ ಅವಲಕ್ಕಿ ಮಾಡಿಕೊಟ್ಟೆ.

ಜನವರಿ 18, 2007, ಗುರುವಾರ

ಡೈರಿಯ ಹಿಂದಿನ ಖಾಲಿ ಹಾಳೆಯಲ್ಲಿ ಬರೆಯುತ್ತಿದ್ದೇನೆ. ಬರೆಯಲು ಈಗ ಪುರುಸೊತ್ತೂ ಕಡಿಮೆ.

ಇವತ್ತು ಒಬ್ಬ ಮನೆ ಮಾಲೀಕ, ಬಾಡಿಗೆಗೆ ಬರುವ ಒಬ್ಬ ಮುದುಕಿಯನ್ನು ಕರೆದುಕೊಂಡು ಬಂದಿದ್ದ. ಟೈಪ್ ಮಾಡಿದ ಕರಾರನ್ನು ಇಬ್ಬರಿಗೂ ಗಟ್ಟಿಯಾಗಿ ಓದಿದೆ. ನೀರಿಗೆ ಬೇರೆ ಕೊಡಬೇಕು ಎನ್ನುವಲ್ಲಿ ಆಕೆ, "ಅದು ಮಾತಾಗಿರ್ಲಿಲ್ವಲ್ಲಪ್ಪ" ಎಂದರು. ಇಬ್ಬರಿಗೂ ಜಗಳವಾಗಿ ಕರಾರು ಆಗಲೇ ಇಲ್ಲ. ವೆಂಕಟರಮಣಪ್ಪನವರಿಗೆ ನನ್ನ ಮೇಲೆ ಕೋಪ, ದಿನಕ್ಕೆ ಹತ್ತು ಪತ್ರ ಆಗುತ್ತಿದ್ದಲ್ಲಿ ಆರು ಆಗುತ್ತಿದೆಯಂತೆ. ಯಾಕೆ ನಿಧಾನ ಆಗಿದ್ದೇನೋ ನನಗೂ ಗೊತ್ತಿಲ್ಲ. ವಯಸ್ಸಾಯಿತು, ಕನ್ನಡಕದ ನಂಬರ್ ಬದಲಾಯಿಸಬೇಕು.

ಮಧ್ಯಾಹ್ನ ಅವರು ಎಲ್ಲಿಂದಲೋ ಒಂದು ಬೆಂಚು ತಂದು ನನ್ನ ಮೇಜಿನ ಎದುರು ಹಾಕಿದರು. "ನಿಂತ್ಕೊಂಡು ಎಷ್ಟೊತ್ತು ಕೇಳ್ತಾರೆ ಪಾಪ" ಎಂದರು.

ಮಾರ್ಚ್ 14, ಬುಧವಾರ

ಪ್ರವೇಶ ಪತ್ರ ಕೊಡುವ ದಿನ. ಮಕ್ಕಳ ಜೊತೆ ಅಪ್ಪ ಅಮ್ಮಂದಿರೂ ಬಂದು ಸಹಿ ಹಾಕಬೇಕೆಂದು ಹೇಳಿ ಕಳಿಸಿದ್ದರು. ಮೂರೂ ಸೆಕ್ಷನ್ನಿಗೆ ಒಂದೇ ಸಾಲು. ಕುರ್ಚಿ ಹಾಕಿರಲಿಲ್ಲ, ಎಲ್ಲರೂ ನಿಂತಿದ್ದೆವು. ಮೇಜಿನ ಹಿಂದೆ ಚಕ್ರಪಾಣಿ ಸರ್. ಸ್ವಲ್ಪ ಸೊರಗಿದ್ದಾರೆ. ಮುಂದಿನ ವರ್ಷದ ಚಿಂತೆ ಅವರಿಗೆ ಹೋಗಿಲ್ಲ, ನನಗೂ ಹೋಗಿಲ್ಲ. ಎಲ್ಲರೂ ಪಾಸಾಗುತ್ತಾರೆಂದು ನಾನು ಯಾರಿಗೂ ಮಾತು ಕೊಟ್ಟಿಲ್ಲ.

ನನ್ನ ಮುಂದೆ ನಾಲ್ಕು ಜನರಾಚೆ ಹೊನ್ನವ್ವ ಇದ್ದರು. ಸರ್ ರಿಜಿಸ್ಟರ್ ತಿರುಗಿಸಿ, ಇಂಕಿನ ಡಬ್ಬಿ ಮುಂದೆ ತಳ್ಳಿ, "ಇಲ್ಲಿ ಒತ್ತಮ್ಮ" ಎಂದರು.

ಹೊನ್ನವ್ವ ಕೈ ಚಾಚಲಿಲ್ಲ. "ಏನ್ ಬರದೈತಿ ಓದ್ರಿ ಸರ" ಎಂದರು.

"ಏನಿಲ್ಲಮ್ಮ, ಹಾಲ್ ಟಿಕೆಟ್ ತಗೊಂಡಿದೀನಿ ಅಂತ. ಅಷ್ಟೇ."

"ಹೌದ್ರಿ. ಅದನ್ನ ಓದ್ರಿ."

ಪಕ್ಕದ ಮೇಜಿನಲ್ಲಿದ್ದ ಗಿರಿಜಾದೇವಿ ಮೇಡಂ ತಲೆ ಎತ್ತಿದರು. ಚಕ್ರಪಾಣಿ ಸರ್ ರಿಜಿಸ್ಟರನ್ನು ತಮ್ಮ ಕಡೆ ತಿರುಗಿಸಿಕೊಂಡು ಓದಿದರು: "ನನ್ನ ಮಗಳು ಶಿಲ್ಪಾಳ ಪ್ರವೇಶ ಪತ್ರವನ್ನು ಪಡೆದಿರುತ್ತೇನೆ. ಹೆಸರು ಮತ್ತು ಜನ್ಮ ದಿನಾಂಕ ಸರಿಯಾಗಿರುತ್ತವೆ." ಹೊನ್ನವ್ವ ಮಗಳ ಕಡೆ ನೋಡಿದರು. ಅವಳು ತಲೆಯಾಡಿಸಿದ ಮೇಲೆ ಒತ್ತಿದರು.

ಹಿಂದಿದ್ದ ತಮ್ಮಣ್ಣನವರಿಗೆ ಓದು ಬರಹ ಚೆನ್ನಾಗಿಯೇ ಬರುತ್ತದೆ. ಮುಂದೆ ಬಂದು ಕೈ ಕಟ್ಟಿ ನಿಂತು, "ನಂದೂ ಓದ್ಬಿಡಿ ಸಾರ್" ಎಂದರು. ಸರ್ ಓದಿದರು. ಅವರ ಹಿಂದಿನವರಿಗೂ ಓದಿದರು. ಅದೇ ಎರಡು ಸಾಲು, ಮಗುವಿನ ಹೆಸರು ಮಾತ್ರ ಬೇರೆ. ಯಾರೂ ನಗಲಿಲ್ಲ.

ನನ್ನ ಸರದಿ ಬಂತು. ಸೌಂದರ್ಯಾ ಪಕ್ಕದಲ್ಲಿದ್ದಳು. ಸರ್ ನೀರು ಕುಡಿದು, ಪೆನ್ನು ನನ್ನ ಕಡೆ ಚಾಚಿದರು.

"ನಿಮಗೆ ಬೇಡ ಅಲ್ವಾಮ್ಮ. ನಿಮಗೆ ಗೊತ್ತಿರೋದೇ."

"ಓದಿ ಸಾರ್" ಎಂದೆ.

ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. ಕೊನೆಯವರೆಗೂ ಕೇಳಿಸಿಕೊಂಡು ಸಹಿ ಹಾಕಿದೆ.